ಆಫ್ರಿಕಾ ಖಂಡದ ಬಾವಲಿಗಳ ನಾಡು

ಆಫ್ರಿಕಾ ಖಂಡದ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ, ಕಾಂಗೋ ದೇಶಕ್ಕೆ ದಕ್ಷಿಣದಲ್ಲಿ ಜಾಂಬಿಯಾ ಎಂಬ ದೇಶವು ಕಾಣುವುದು. ಅದರ ಉತ್ತರಭಾಗದಲ್ಲಿ ಕಸಂಕ ಎಂಬ ಅಭಯಾರಣ್ಯವಿದೆ. ಬಾವಲಿಗಳನ್ನು ನೋಡುವುದಕ್ಕೆಂದೇ ಇಲ್ಲಿಗೆ ದೂರದೇಶಗಳಿಂದ ಯಾತ್ರಿಕರು ಬರುವರು.

ಬಾವಲಿಗೆ ಸಂಸ್ಕೃತದಲ್ಲಿ ‘ಅಜಿನಪತ್ರಾ’ ಎಂದು ಹೆಸರು. ಚರ್ಮವೇ ರೆಕ್ಕೆಯಾಗಿ ಉಳ್ಳುದು ಎಂದರ್ಥ. ಒಣಹುಲ್ಲಿನ ಬಣ್ಣದ ಮೈಯುಳ್ಳ, ಹಣ್ಣುಗಳನ್ನು ತಿಂದು ಬದುಕುವ ಒಂದು ಜಾತಿಯ ಬಾವಲಿಗಳು ಪ್ರತಿವರ್ಷವೂ ಅಕ್ಟೋಬರ್ ತಿಂಗಳಿನಲ್ಲಿ ಕಸಂಕಕ್ಕೆ ಬಂದು, ಡಿಸೆಂಬರ್ ಕಡೆಯ ಹೊತ್ತಿಗೆ ಹೊರಟುಹೋಗುವುವು. ಅವುಗಳ ಸಂಖ್ಯೆಯನ್ನು 50 ಲಕ್ಷದಿಂದ 1 ಕೋಟಿಯವರೆಗೆ ಅಂದಾಜು ಮಾಡಿರುವರು. ಇಷ್ಟೂ ತಂಗುವುದು ಒಂದು ಚಿಕ್ಕ ಜೌಗುಕಾಡಿನಲ್ಲಿ! ಅವುಗಳ ಭಾರಕ್ಕೆ ಕೊಂಬೆಗಳು ಮುರಿದು ಬೀಳುವುದುಂಟು. ಮೇಲೆ ಹದ್ದುಗಳೂ ಕೆಳಗೆ ಮೊಸಳೆಗಳೂ ಕಾದಿರುವುವು. ಸೂರ್ಯಾಸ್ತವಾದೊಡನೆ ಆಕಾಶವು ಮುಚ್ಚಿಹೋಗುವಂತೆ ಅವೆಲ್ಲವೂ ಹಾರಿಹೋಗಿ, ನಮ್ಮ ನೇರಳೆಯ ಕುಲಕ್ಕೇ ಸೇರಿದ ಕಾಡುಹಣ್ಣು ಮೊದಲಾದವುಗಳನ್ನು ತಿಂದು ಬೆಳಗಾಗುವುದರೊಳಗೆ ಹಿಂದಿರುಗುವುವು.

ಇವು ಕಸಂಕವನ್ನು ಬಿಟ್ಟು ಎಲ್ಲಿಗೆ ಹೋಗುವುವು? ಕೆಲವು ಬಾವಲಿಗಳಿಗೆ ಸಂಜ್ಞಾಯಂತ್ರವನ್ನು ಕಟ್ಟಿ, ಕೃತಕ ಉಪಗ್ರಹದ ನೆರವಿನಿಂದ ಅವುಗಳ ದಾರಿಯನ್ನು ನೋಡಿದಾಗ, ಅವುಗಳಲ್ಲೊಂದು ಸುಮಾರು 1,900 ಕಿಲೋಮೀಟರುಗಳಷ್ಟು ದೂರ ಪ್ರಯಾಣ ಮಾಡಿತೆಂದು ತಿಳಿದುಬಂದಿತು.

2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕಿಂತ ಆಶ್ಚರ್ಯಕರವಾದುದು. ವಿದ್ವಾಂಸರು ಪಶ್ಚಿಮದ ಘಾನಾದಿಂದ ಪೂರ್ವದ ಟಾಂಜಾನಿಯಾದವರೆಗೆ ಅನೇಕ ಕಡೆಗಳ ಬಾವಲಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಗೋತ್ರವು ತಂದೆಯಿಂದ ಬರುವುದಷ್ಟೆ. ತುಳುನಾಡಿನ ಅಳಿಯಸಂತಾನದಲ್ಲಿ ‘ಬಳಿ’ಯು ತಾಯಿಯಿಂದ ಬರುವುದು. ಹಾಗೆಯೇ ಜೀವಕೋಶದಲ್ಲಿ ತಾಯಿಯಿಂದ ಮಾತ್ರ ಬರುವ ವಂಶವಾಹಿಗಳೂ ಇಬ್ಬರಿಂದ ಬರುವ ವಂಶವಾಹಿಗಳೂ ಇವೆ. ಎರಡನ್ನೂ ಪರೀಕ್ಷಿಸಿದಾಗ, ಖಂಡದ ಉದ್ದಗಲಕ್ಕೂ ಈ ಬಾವಲಿಗಳೆಲ್ಲ ಪರಸ್ಪರ ಬೆರೆತ ಒಂದೇ ಕುಟುಂಬವೆಂದು ಸಿದ್ಧವಾಯಿತು. ಇಷ್ಟು ವಿಶಾಲವಾದ ಪ್ರದೇಶದಲ್ಲಿ ಹೀಗೆ ಬೆರೆತ ಮತ್ತೊಂದು ಸಸ್ತನಿಯನ್ನು ಅದುವರೆಗೆ ಕಂಡಿರಲಿಲ್ಲ.

ಆದರೆ ಸಮುದ್ರದ ಕಡೆಗೆ ಕಣ್ಣು ಹಾಯಿಸಿದರೆ ಬೇರೆಯೇ ಚಿತ್ರ. ಗಿನಿ ಕೊಲ್ಲಿಯಲ್ಲಿ ಸಾಲಾಗಿ ನಾಲ್ಕು ದ್ವೀಪಗಳಿವೆ. ದಡಕ್ಕೆ ಸಮೀಪವಾಗಿ, ಸುಮಾರು 32 ಕಿಲೋಮೀಟರ್ ದೂರದಲ್ಲಿರುವ ಬಿಯೋಕೊ ದ್ವೀಪದ ಬಾವಲಿಗಳು ಭೂಖಂಡದವುಗಳೊಡನೆ ಬೆರೆತಿವೆ. ಸಾಲಿನ ಕೊನೆಯದು ಅನ್ನೊಬೋನ್. ಜನವರಿ 1ನೆಯ ದಿನ ಪೋರ್ಚುಗೀಸ್ ನಾವಿಕರು ಕಂಡುದರಿಂದ ಇದಕ್ಕೆ ‘ಶುಭವರ್ಷ’ವೆಂಬ ಅರ್ಥದ ಈ ಹೆಸರು ಬಂದಿತು. ಸುಮಾರು 17 ಚದರ ಕಿಲೋಮೀಟರುಗಳ ಈ ಅಗ್ನಿಪರ್ವತದ್ವೀಪವು ಭೂಖಂಡದಿಂದ 300 ಕಿಲೋಮೀಟರುಗಳಿಗೂ ಆಚೆ ಇದೆ. ನೆಲದ ಮೇಲೆ ಸಾವಿರಾರು ಕಿಲೋಮೀಟರ್ ಹಾರುವ ಪ್ರಾಣಿಯಾದರೂ, ನಿಂತು ದಣಿವಾರಿಸಿಕೊಳ್ಳಲು ಒಂದು ಮರವೂ ಇಲ್ಲದ ಸಮುದ್ರವು ಅದಕ್ಕೆ ಗೋಡೆಯಾಗಿದೆ. ಹೊರಗಿನ ಸಂಬಂಧವು ತಪ್ಪಿದ ಚಿಕ್ಕ ಗುಂಪಿನಲ್ಲಿ ತಲೆತಲಾಂತರದಿಂದ ಕೆಲವು ಗುಣಗಳು ಲೋಪಿಸಿ, ಕೆಲವು ನೆಲೆಗೊಳ್ಳುವುವು. ಅನ್ನೊಬೋನಿನ ಬಾವಲಿಗಳು ಗಾತ್ರದಲ್ಲಿಯೂ ಕಿರಿದಾಗಿವೆ. 2000ದಲ್ಲಿ ಅವುಗಳನ್ನು ಬೇರೆ ಉಪಜಾತಿಯಾಗಿ ಗಣಿಸಿದರು.

ಇದನ್ನು ತಿಳಿದುದರಿಂದ ಪ್ರಯೋಜನವೇನು? ಘಾನಾದಲ್ಲಿ ಇರೋಕೊ ಎಂಬ ಬೆಲೆಬಾಳುವ ಮರದ ಬೀಜಗಳನ್ನು ದೂರದೂರಕ್ಕೆ ಬಿತ್ತುವುದು ಈ ಬಾವಲಿಗಳೇ. ಅದೇ ದೇಶದ ದಕ್ಷಿಣಭಾಗದಲ್ಲಿ ವರ್ಷಕ್ಕೆ 1,28,000ಕ್ಕೆ ಕಡಿಮೆಯಿಲ್ಲದಷ್ಟು ಬಾವಲಿಗಳು ಮಾಂಸಕ್ಕಾಗಿ ಮಾರಾಟವಾಗುತ್ತಿದ್ದುವೆಂದು 2011ರಲ್ಲಿ ಲೆಕ್ಕ ಹಾಕಿರುವರು. ಖಂಡದ ಬಾವಲಿಗಳೆಲ್ಲ ಒಂದೇ ಕುಟುಂಬವಾದುದರಿಂದ, ಒಂದು ದೇಶದಲ್ಲಾದ ನಷ್ಟವು ಆ ದೇಶದ್ದು ಮಾತ್ರವೇ ಅಲ್ಲ. ಕಸಂಕದ ಆ ಸಣ್ಣ ಕಾಡಿಗೆ ಕೊಡಲಿ ಬಿದ್ದರೆ, ನೂರಾರು ಹರದಾರಿ ದೂರದ ಅರಣ್ಯಗಳಿಗೂ ಬೀಜ ಬಿತ್ತುವವರು ಕಡಿಮೆಯಾಗುವರು. ಅನ್ನೊಬೋನಿನ ಬಾವಲಿಗಳ ಪಾಡು ಬೇರೆ: ಅವು ಅಳಿದರೆ ಆ ಸ್ಥಾನವನ್ನು ತುಂಬಲು ಸಮುದ್ರವನ್ನು ದಾಟಿ ಬರುವ ಬಂಧುಗಳಿಲ್ಲ. ಖಂಡದ ಬಾವಲಿಗಳಿಗೆ ಅನೇಕ ದೇಶಗಳು ಕೂಡಿ ರಕ್ಷಣೆ ಕೊಡಬೇಕು. ಅನ್ನೊಬೋನಿನವುಗಳಿಗೆ ಆ ಪುಟ್ಟ ದ್ವೀಪದ ಮರಗಳೇ ಉಳಿಯಬೇಕು.