ಹಿಂದಿನ ಸಾಲಿನವರು

ಷೋರೂಮಿನ ಹುಡುಗ ಟ್ರೈಬರ್ ಕಾರಿನ ಮೂರನೇ ಸಾಲಿಗೆ ಬಗ್ಗಿ ಏನನ್ನೋ ಎಳೆದ. ಸೀಟು ಕಳಚಿಕೊಂಡು ಕೈಗೇ ಬಂತು. ಅದನ್ನು ನೆಲದ ಮೇಲಿಟ್ಟು, "ಬೇಡ ಅಂದ್ರೆ ಹಿಂಗೇ ತೆಗೆದು ಮನೇಲಿಟ್ಟುಬಿಡಬಹುದು ಸರ್" ಎಂದ. ಅಮ್ಮ ಆ ಸೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮನೇಲಿ ಎಲ್ಲಿಡೋದಪ?" ಎಂದಳು. ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಹುಡುಗ ನಕ್ಕು, "ಹೇಗಿದ್ರೂ ಅದು ಮಕ್ಕಳಿಗೆ ಅಮ್ಮ, ದೊಡ್ಡೋರು ಕೂರೋ ಜಾಗ ಅಲ್ಲ" ಎಂದು ಮಾತು ಮುಗಿಸಿದ.

ಅವನು ಮೈಲೇಜು, ಏರ್‌ಬ್ಯಾಗು, ವಾರಂಟಿ ಎಂದು ಮುಂದುವರಿಯುತ್ತಿದ್ದ. ನಾನು ಆಗಲೇ ದೊಡ್ಡಪ್ಪನ ಮನೆಯ ಕ್ವಾಲಿಸ್ ಹತ್ತಿ ಆಗುಂಬೆ ದಾರಿ ಹಿಡಿದಿದ್ದೆ.

ದೊಡ್ಡಪ್ಪ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಊರಿಗೆ ಬಂದ ಆ ಕಾರ್ಖಾನೆ ಲೇತ್ ಮಾಡುತ್ತಿತ್ತು. ಯಾವ ಊರಿನ ವರ್ಕ್‌ಷಾಪಿನಲ್ಲಿ ಆ ಹೆಸರಿನ ಲೇತ್ ಕಂಡರೂ ದೊಡ್ಡಪ್ಪ ಅದರ ಬೆಡ್ಡಿನ ಮೇಲೆ ಕೈಯಾಡಿಸದೆ ಬರುತ್ತಿರಲಿಲ್ಲ. 2000ದ ಜನವರಿಯಲ್ಲಿ ಬಿಡದಿಯಿಂದ ಟೊಯೋಟಾ ಕಿರ್ಲೋಸ್ಕರಿನ ಕ್ವಾಲಿಸ್ ಹೊರಬಂದಾಗ ಅವರು ನಿವೃತ್ತರಾಗಿ ಅಂಗಳದಲ್ಲಿ ಪೇಪರು ಓದುವ ಕಾಲ. ಮಗ, ಅಂದರೆ ನಮ್ಮ ಅಣ್ಣ, ಬಾಡಿಗೆಗೆ ಬಿಡಲು ಸುಮೋ ತೆಗೆದುಕೊಳ್ಳುವ ಲೆಕ್ಕ ಹಾಕುತ್ತಿದ್ದ. ದೊಡ್ಡಪ್ಪ ಪೇಪರಿನ ಜಾಹೀರಾತಿನ ಮೇಲೆ ಬೆರಳಿಟ್ಟು, "ಕಿರ್ಲೋಸ್ಕರ್ ಅಂತ ಬರದೈತೆ ನೋಡಲೇ. ನಮ್ ಕಂಪ್ನಿ ಗಾಡಿ" ಎಂದರು. ಬೇರೆ ವಿಚಾರಣೆ ನಡೆಯಲಿಲ್ಲ. ಇವತ್ತು ನಾನು ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿಯೂ ತಲುಪದ ಖಚಿತತೆ ಅದು.

ಗಾಡಿ ಬಂದ ಮೇಲೆ ವಂಶಾವಳಿಯೂ ಬಂತು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದು, ಆಮೇಲೆ ಕಬ್ಬಿಣದ ನೇಗಿಲು ಮಾಡಿದ್ದು, ಅದೇ ಮನೆತನದ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಜಪಾನಿನವರನ್ನು ಬಿಡದಿಗೆ ಕರೆತಂದದ್ದು. ಅಣ್ಣ ಹೈವೇಯಲ್ಲಿ ಸ್ವಲ್ಪ ಜೋರಾಗಿ ಹೊಡೆದರೆ ಪಕ್ಕದ ಸೀಟಿನಿಂದ ದೊಡ್ಡಪ್ಪ ಹೇಳುವರು: "ಎರಡು ಗಾಲಿಯಿಂದ ನಾಕು ಗಾಲಿಗೆ ಬರಾಕೆ ಅವರಿಗೆ ನೂರಾ ಹನ್ನೆರಡು ವರ್ಷ ಹಿಡೀತು. ನಿನಗೇನಲೇ ಅವಸರ?"

ಗಾಡಿ ಹೊಸದಾದರೂ ರೂಪ ಹಳೆಯದು ಎಂದು ಬಲ್ಲವರು ಮೂಗು ಮುರಿದರು. ಸುಳ್ಳೇನಲ್ಲ. ಇಂಡೋನೇಷ್ಯಾದಲ್ಲಿ ಟೊಯೋಟಾ 1986ರಲ್ಲಿ ಬಿಟ್ಟ ಕಿಜಾಂಗ್ ಎಂಬ ಗಾಡಿಯ ಪೀಳಿಗೆಯದೇ ನಮ್ಮ ಕ್ವಾಲಿಸ್. ಅಲ್ಲಿಯವರು 1997ಕ್ಕೇ ಮುಂದಿನ ಕಿಜಾಂಗಿಗೆ ಹೋಗಿದ್ದರು. ಆದರೆ ಆ ಕಿಜಾಂಗಿನ ಪೂರ್ವಜನ ಕಥೆ ನನಗೆ ಬಹಳ ಇಷ್ಟ. 1977ರ ಮೊದಲ ಕಿಜಾಂಗ್ ಬರೀ ಪಿಕಪ್. ನೆಟ್ಟಗಿನ ತಗಡು, ಚೌಕಾಕಾರ. ಬಾನೆಟ್ ಎತ್ತಿದರೆ ಎರಡು ಪಕ್ಕಗಳೂ ಕೂಡಿಯೇ ಮೇಲೆದ್ದು ದೊಡ್ಡ ಬಾಯಿ ತೆರೆಯುತ್ತಿತ್ತಂತೆ. ಅದಕ್ಕೇ ಜನ ಅದನ್ನು ಮೊಸಳೆ ಎಂದು ಕರೆದರು. ಸಂಸಾರಸ್ಥರು ಈ ಮೊಸಳೆಯನ್ನು ಕೊಂಡು ಊರಿನ ಬಾಡಿ ಕಟ್ಟುವವರ ಬಳಿ ಒಯ್ದು, ಹಿಂದೆ ಮನೆಮಂದಿಗೆಲ್ಲ ಜಾಗವಾಗುವ ಹಾಗೆ ಬಾಡಿ ಕಟ್ಟಿಸಿಕೊಳ್ಳುತ್ತಿದ್ದರು. ತಗಡಿನ ಉಬ್ಬುತಗ್ಗಿಗೆಲ್ಲ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು. 1986ರ ಗಾಡಿಗೆ ಕಂಪನಿಯವರೇ ಪ್ರೆಸ್ಸಿನಲ್ಲಿ ಒತ್ತಿದ ಬಾಡಿ ಕೊಟ್ಟು ಪುಟ್ಟಿಯ ಖರ್ಚು ಇಳಿಸಿದರು; ಅದನ್ನೇ ಹೆಮ್ಮೆಯಿಂದ ಜಾಹೀರಾತಿನಲ್ಲೂ ಹಾಕಿದರು. ಅಂದರೆ ಜಕಾರ್ತದ ಯಾವುದೋ ಗ್ಯಾರೇಜಿನಲ್ಲಿ ಯಾರೋ ಯಜಮಾನ, "ನಮ್ಮತ್ತೆಯೂ ಬರ್ತಾರೆ, ಇನ್ನೊಂದು ಬೆಂಚು ಹಾಕಪ್ಪಾ" ಎಂದು ಬಡಗಿಗೋ ವೆಲ್ಡರಿಗೋ ಹೇಳಿದ್ದರ ಫಲ ಹರಿಹರದಲ್ಲಿ ನಮಗೆ ಸಿಕ್ಕಿತು ಎಂದು ನಾನು ನಂಬಿದ್ದೇನೆ. ಇತಿಹಾಸಕಾರರು ಒಪ್ಪಬೇಕೆಂದೇನೂ ಇಲ್ಲ.

ಬೆಂಚು ಎಂದದ್ದು ಸುಮ್ಮನೆ ಅಲ್ಲ. ಅಣ್ಣನ ಗಾಡಿ ಹತ್ತು ಸೀಟಿನದು; ಹಿಂಭಾಗದಲ್ಲಿ ಎದುರುಬದುರು ಎರಡು ಬೆಂಚು. ಜೀಪಿನಿಂದ ಸುಮೋಗೆ, ಸುಮೋದಿಂದ ಕ್ವಾಲಿಸಿಗೆ ನಡೆದುಬಂದ ವ್ಯವಸ್ಥೆ. ಕಾಗದದಲ್ಲಿ ಇಷ್ಟೇ ಜನ ಎಂದಿತ್ತು, ಆದರೆ ನಮ್ಮ ಲೆಕ್ಕದಲ್ಲಿ ಮಡಿಲಲ್ಲಿ ಕೂತ ಮಕ್ಕಳು ಜನವಲ್ಲ. ವಾರವೆಲ್ಲ ಹಳದಿ ಬೋರ್ಡಿನ ಬಾಡಿಗೆ, ರಜೆಯಲ್ಲಿ ನಮ್ಮ ಧರ್ಮಸ್ಥಳ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮಧ್ಯದಲ್ಲಿ ಖಾರಮಂಡಕ್ಕಿಯ ಪಾತ್ರೆ, ಅದರ ಮೇಲೆ ಹಾಸಿದ ಟವೆಲಿನಲ್ಲಿ ಇಸ್ಪೀಟು. ಎಲ್ಲರಿಗೂ ಎಲ್ಲರ ಮುಖ ಕಾಣುತ್ತಿತ್ತು. ಈಗಿನ ಕಾರಿನಲ್ಲಿ ಮೂರು ಸಾಲೂ ಮುಂದಕ್ಕೇ ಮುಖ ಮಾಡಿವೆ. ಹಿಂದಿನವರಿಗೆ ಕಾಣುವುದು ಮುಂದಿನವರ ಹೆರಳು, ಬೋಳು. ಆ ಬೆಂಚುಗಳಲ್ಲಿ ನಾವು ಬೆಲ್ಟ್ ಹಾಕಿಕೊಂಡು ಕೂತದ್ದಿಲ್ಲ, ಬ್ರೇಕ್ ಒತ್ತಿದರೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು, ಈಗ ನನ್ನ ಮಕ್ಕಳನ್ನು ಹಾಗೆ ಕೂರಿಸು ಎಂದರೆ ಪ್ರಾಣ ಹೋದರೂ ಕೂರಿಸೆ. ಆದರೂ ಸುಖ ಅಲ್ಲಿತ್ತು ಎನ್ನುವುದನ್ನು ಬಿಟ್ಟುಕೊಡಲಾರೆ.

ಸುಖ ಎಂದೆನೇ? ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಅಡ್ಡಡ್ಡ ಕೂತು ಇಳಿದವರಿಗೆ ಗೊತ್ತು. ಮೊದಲ ತಿರುವಿಗೆ ಇಸ್ಪೀಟು ನಿಲ್ಲುವುದು. ಮೂರನೆಯದಕ್ಕೆ ದೊಡ್ಡಮ್ಮನ ಸೆರಗಿನ ಗಂಟಿನಿಂದ ನಿಂಬೆಹಣ್ಣು ಹೊರಬರುವುದು. ಆಮೇಲಿನದು ಬರೆಯುವಂಥದ್ದಲ್ಲ.

2005ಕ್ಕೆ ಕ್ವಾಲಿಸ್ ನಿಂತು ಇನ್ನೋವಾ ಬಂತು. ಚೆನ್ನಾಗಿ ಮಾರುತ್ತಿದ್ದ ಗಾಡಿಯನ್ನು ಯಾಕೆ ನಿಲ್ಲಿಸಿದರೆಂದು ದೊಡ್ಡಪ್ಪ ಕೊನೆಯವರೆಗೂ ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಕಾಲ್‌ಸೆಂಟರಿನ ಹುಡುಗರನ್ನು ರಾತ್ರಿ ಸಾಗಿಸಿ ಸಾಗಿಸಿ ಹಳೆಯವು ಇನ್ನೂ ಎಷ್ಟೋ ವರ್ಷ ಓಡಿದವು. ಇನ್ನೋವಾ ಮಾತ್ರ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಾ ನಮ್ಮಂಥವರ ಕೈಯಿಂದ ದೂರ ಹೋಯಿತು. ಆ ಖಾಲಿ ಜಾಗಕ್ಕೆ 2012ರಲ್ಲಿ ಎರ್ಟಿಗಾ, 2019ರಲ್ಲಿ ಟ್ರೈಬರ್ ಬಂದು ಕೂತವು. ನನ್ನ ಈಗಿನ ಗೊಂದಲ ಇವೆರಡರ ನಡುವೆ.

ಇಲ್ಲಿ ಸರ್ಕಾರದ ಅಳತೆ ಟೇಪು ಬರುತ್ತದೆ. 2006ರ ಬಜೆಟ್ಟಿನಿಂದ ಈಚೆಗೆ ನಾಲ್ಕು ಮೀಟರಿನೊಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. ಅದಕ್ಕೇ ಟ್ರೈಬರಿನವರು ಏಳು ಜನರನ್ನು ನಾಲ್ಕು ಮೀಟರಿಗಿಂತ ಒಂದು ಸೆಂಟಿಮೀಟರ್ ಕಡಿಮೆ ಉದ್ದದಲ್ಲಿ, 999 ಸಿಸಿ ಎಂಜಿನ್ನಿನ ಹಿಂದೆ ಕೂರಿಸಿದರು. ಎರ್ಟಿಗಾ ಆ ಗಡಿಗಿಂತ ಹೆಚ್ಚುಕಡಿಮೆ ಒಂದು ಮೊಳ ಉದ್ದ, ಎಂಜಿನ್ನೂ 1,462 ಸಿಸಿ. 2025ರ ಸೆಪ್ಟೆಂಬರಿನ ಹೊಸ ಜಿಎಸ್‌ಟಿಯಲ್ಲಿ ಟ್ರೈಬರಿಗೆ ಶೇ. 18, ಎರ್ಟಿಗಾಗೆ ಶೇ. 40. ಸಾಲದ್ದಕ್ಕೆ ನಮ್ಮ ರಾಜ್ಯದ ರಸ್ತೆ ತೆರಿಗೆ ಐದು ಲಕ್ಷದ ಮೇಲಿನ, ಹತ್ತು ಲಕ್ಷದೊಳಗಿನ ಕಾರಿಗೆ ಶೇ. 14 ಇದ್ದದ್ದು ದಾಟಿದರೆ ಶೇ. 17. ಒಂದು ಮೊಳಕ್ಕೆ ಇಷ್ಟು ದುಡ್ಡು ಹೂವಿಗೂ ಇಲ್ಲ ಎಂದು ಅಪ್ಪನ ವಾದ. ಆದರೆ ಏಳೂ ಸೀಟು ಜಾಗದಲ್ಲಿದ್ದಾಗ ಟ್ರೈಬರಿನ ಡಿಕ್ಕಿ 84 ಲೀಟರು, ಎರ್ಟಿಗಾದ್ದು 209. ಅಮ್ಮ ಊರಿಗೆ ಹೊರಟರೆ ಬರೀ ಡಬ್ಬಿಗಳೇ 84 ಲೀಟರು ಮೀರುತ್ತವೆ.

ಮನೆಗೆ ಬಂದು ಕೂತು ಯಾರು ಎಲ್ಲಿ ಎಂದು ಲೆಕ್ಕ ಹಾಕಿದೆವು. ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಏಳನೆಯವರು ದೊಡ್ಡಮ್ಮ, ದೊಡ್ಡಪ್ಪ ಹೋದ ಮೇಲೆ ವರ್ಷದಲ್ಲಿ ಅರ್ಧ ನಮ್ಮಲ್ಲೇ ಇರುತ್ತಾರೆ. ನಾನು ಕ್ವಾಲಿಸಿನ ಬೆಂಚನ್ನು ಹೊಗಳುತ್ತಾ, "ಹಿಂದೆ ಕೂತ್ಕೊಂಡು ಎಷ್ಟು ಮಜಾ ಮಾಡ್ತಿದ್ವಿ ಅಲ್ವಾ ದೊಡ್ಡಮ್ಮ?" ಎಂದೆ.

"ನೀವು ಮಾಡ್ತಿದ್ರಿ" ಎಂದರು ದೊಡ್ಡಮ್ಮ, ಅವರೆಕಾಯಿ ಸುಲಿಯುತ್ತಾ. "ಗಂಡಸರೆಲ್ಲ ಮುಂದೆ. ನಾನು ನಿಮ್ಮ ವಾಂತಿ ಹಿಡಕಂಡು ಹಿಂದೆ. ಆ ಘಾಟಿನಾಗೆ ಏನೈತೆ ಅಂತ ಒಂದಪನೂ ಕಣ್ತುಂಬ ನೋಡ್ಲಿಲ್ಲ. ಈ ಸಲ ನಾನು ಮುಂದೆ ಕೂರಾಕಿ."

ನನ್ನ ಹೆಂಡತಿ ತಕ್ಷಣ ಒಪ್ಪಿದಳು. ಘಾಟಿಯಲ್ಲಿ ಗಾಡಿ ಓಡಿಸುವುದು ಅವಳೇ. ನನ್ನ ಕೈಗೆ ಸ್ಟಿಯರಿಂಗ್ ಕೊಟ್ಟರೆ ಅಪ್ಪ ಇಳಿದು ನಡೆದು ಬರುತ್ತೇನೆ ಎನ್ನುತ್ತಾರೆ. ಮಧ್ಯದ ಸಾಲಿನಲ್ಲಿ ಅಪ್ಪ, ಅಮ್ಮ, ಚಿಕ್ಕವಳು. ಹಿಂದೆ ದೊಡ್ಡವನು, ಅವನ ಪಕ್ಕ ನಾನು. ನನ್ನ ಎತ್ತರ ಆರಡಿಗೆ ಎರಡಿಂಚು ಕಡಿಮೆ. ತೆರಿಗೆ ಎಷ್ಟಾದರೂ ಆಗಲಿ, ಆ ಒಂದು ಮೊಳ ಬೇಕೇ ಬೇಕು ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೇನೆ.