ಅರ್ಧ ಗೇಣಿನ ಲೆಕ್ಕ

ಆರೂವರೆಗೆ ಕಚೇರಿ, ಈಗ ಐದು ಗಂಟೆ. ರಾಮನವಮಿ ಪೆಂಡಾಲಿನ ತಗಡಿನ ಮಾಡು ಬಿಸಿಲಿಗೆ ಇನ್ನೂ ಚಟಪಟ ಅನ್ನುತ್ತಿದೆ. ನೀವು ವೇದಿಕೆಯ ಮೇಲೆ, ಜಮಖಾನದ ಅಂಚಿನಲ್ಲಿ, ಕೇಬಲ್ ತುಳಿಯದ ಹಾಗೆ ಕಾಲು ಮಡಚಿಕೊಂಡು ಕೂತಿದ್ದೀರಿ. ಎದುರಿಗೆ ವಿದುಷಿ ಚೀಲದಿಂದ ಒಂದೊಂದೇ ಕೊಳಲು ತೆಗೆದು ಊದಿ ನೋಡುತ್ತಿದ್ದಾರೆ. ಅವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು, ಬೆನ್ನ ಹಿಂದೆ ಘಟ. ಒಂದು ಮಾರು ದೂರದಲ್ಲಿರುವ ನಿಮಗೆ ಕೊಳಲು ಚೆನ್ನಾಗಿಯೇ ಕೇಳಿಸುತ್ತಿದೆ. ಅಷ್ಟರಲ್ಲಿ ಮೃದಂಗದವರು ಶ್ರುತಿ ನೋಡಲು ಬಲಗಡೆ ಎರಡು ಪೆಟ್ಟು ಕೊಡುತ್ತಾರೆ. ಕೊಳಲು ಮಾಯ.

"ಮೊದಲು ಆ ಫ್ಯಾನ್ ಆಫ್ ಮಾಡಿಸಪ್ಪಾ."

ಕಮಿಟಿಯವರ ಮುಖ ಸಣ್ಣದಾಗುತ್ತದೆ; ಫ್ಯಾನ್ ಇಟ್ಟದ್ದು ಮುಖ್ಯ ಅತಿಥಿಗಳಿಗಾಗಿ. ಆದರೆ ತುಟಿಯಿಂದ ಹೊರಟ ಉಸಿರಿನ ತೆಳು ಪದರ ರಂಧ್ರದ ಆಚೆ ಅಂಚಿಗೆ ತಾಗಿದರೆ ತಾನೇ ನಾದ? ಅಡ್ಡಗಾಳಿ ಬೀಸಿದರೆ ಆ ಪದರವೇ ಚೆದುರುತ್ತದೆ. ಹುಟ್ಟದ ನಾದವನ್ನು ಯಾವ ಮೈಕೂ ಹಿಡಿಯಲಾರದು.

ಮೈಕ್‌ನ ಹುಡುಗ ಸ್ಟ್ಯಾಂಡ್ ತಂದು ಕೊಳಲಿನ ತುದಿಗೆ ನಿಲ್ಲಿಸುತ್ತಾನೆ. ಮದುವೆ ಮನೆಗಳಲ್ಲಿ ನಾಗಸ್ವರಕ್ಕೆ ಇಟ್ಟು ಅಭ್ಯಾಸ. ವಿದುಷಿ ಮೋಹನ ಹಿಡಿಯುತ್ತಾರೆ. ಮಂದ್ರದಲ್ಲಿ ತುಂಬಿಕೊಂಡಿದ್ದ ದನಿ ಮೇಲಕ್ಕೆ ಏರುತ್ತಿದ್ದಂತೆ ಸ್ಪೀಕರ್‌ನಲ್ಲಿ ಸೊರಗುತ್ತದೆ. ಕೊಳಲಿನ ನಾದ ಹೊರಬರುವುದು ಊದುವ ರಂಧ್ರದಿಂದ, ತೆರೆದಿರುವ ಬೆರಳು ರಂಧ್ರಗಳಿಂದ. ಹೆಚ್ಚಿನವು ಮುಚ್ಚಿದಾಗ ಮಾತ್ರ ತುದಿಯ ಕಡೆಗೆ ದೊಡ್ಡ ಪಾಲು. ಸಾಲದ್ದಕ್ಕೆ ಆ ತುದಿ ಚಾಚಿರುವುದು ನೇರ ಮೃದಂಗದ ಕಡೆಗೆ. ಹುಡುಗ ಮೈಕನ್ನು ಬಾಯಿಯ ಎದುರಿಗೇ ತರುತ್ತಾನೆ. ಈಗ 'ಫೂ' ಎಂಬ ಗಾಳಿ ಪೆಂಡಾಲಿನ ತುಂಬ.

ಟ್ರಂಕಿನಲ್ಲಿ ಇನ್ನೊಂದಿದೆ: ಪೆನ್ಸಿಲ್ ದಪ್ಪದ ಕಂಡೆನ್ಸರ್ ಮೈಕ್. ಮಿಕ್ಸರ್‌ನಿಂದ 48 ವೋಲ್ಟ್ ಕೊಟ್ಟರೆ ಮಾತ್ರ ಎಚ್ಚರವಾಗುವಂಥದ್ದು. ಒಂದೂವರೆ ಗೇಣು ದೂರಕ್ಕೆ ಇಟ್ಟು ಹುಡುಗ ಹೆಡ್‌ಫೋನ್ ನಿಮ್ಮ ಕಿವಿಗೆ ಹಾಕುತ್ತಾನೆ. ನೀವು ಬೆಚ್ಚುತ್ತೀರಿ. ಬಿದಿರಿನ ಒಳಮೈಯ ತರಿ, ಗಮಕಕ್ಕೆ ಜಾರುವ ಬೆರಳು, ಉಸಿರು ಎಳೆದುಕೊಳ್ಳುವ ಗಳಿಗೆ, ಎಲ್ಲ ಕೇಳುತ್ತಿದೆ. ಇದೇ ಸಾಕು ಅನ್ನಿಸುವಾಗ ಘಟದವರು ಒಂದು ಚಾಪು ಬಾರಿಸುತ್ತಾರೆ. ಕೊಳಲಿಗಿಟ್ಟ ಮೈಕ್‌ನಲ್ಲಿ ಘಟ ಕೊಳಲಿಗಿಂತ ಸ್ಪಷ್ಟ! ಫೇಡರ್ ಏರಿಸಿದರೆ ಸ್ಪೀಕರ್ ಕೂಗು ಹಾಕುತ್ತದೆ, ನಾಯಿಯೊಂದು ಪೆಂಡಾಲಿನಿಂದ ಓಡುತ್ತದೆ.

"ಕಂಡೆನ್ಸರ್ ದೂರದ್ದನ್ನೆಲ್ಲ ಎಳ್ಕೊಳ್ಳುತ್ತೆ ಮೇಡಂ" ಅನ್ನುತ್ತಾನೆ ಹುಡುಗ. ಸೌಂಡ್‌ನವರಲ್ಲಿ ಬಹುಮಂದಿ ಹೇಳುವ ಮಾತು. ನನ್ನ ಮಟ್ಟಿಗೆ ಇದು ಮೈಕ್‌ನ ಮೇಲೆ ಹೊರಿಸಿದ ಸುಳ್ಳು ಆರೋಪ. ಒಂದೇ ಜಾಗದಲ್ಲಿ, ಒಂದೇ ಬಗೆಯ ದಿಕ್ಕಿನ ಹಿಡಿತವಿರುವ ಎರಡು ಮೈಕ್ ಇಟ್ಟರೆ ಕೊಳಲಿಗೂ ಘಟಕ್ಕೂ ಇರುವ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಂಡೆನ್ಸರ್ ಮೇಲಿನ ಸ್ಥಾಯಿಯ ಚುರುಕನ್ನು ಹೆಚ್ಚು ನಿಚ್ಚಳವಾಗಿ ತೋರಿಸುತ್ತದೆ, ಅಷ್ಟೆ. ನಿಜವಾದ ತಪ್ಪು ಒಂದೂವರೆ ಗೇಣಿನದ್ದು. ದೂರ ಅರ್ಧಕ್ಕೆ ಇಳಿದರೆ ಕೊಳಲು ಸುಮಾರು 6 ಡೆಸಿಬಲ್ ಏರುತ್ತದೆ, ಘಟ ಇದ್ದಲ್ಲೇ ಇರುತ್ತದೆ. ಹಾಗಾದರೆ ಇದನ್ನೇ ಹತ್ತಿರ ತರಬಾರದೇ? ತಂದು ನೋಡುತ್ತಾರೆ. ತಾರಷಡ್ಜದ ಮೊದಲ ಊದಿಗೇ ಅದರ ಬರಿಮೈಗೆ ಗಾಳಿ ಬಡಿದು 'ಧಪ್' ಅನ್ನುತ್ತದೆ. ಹೊದಿಸಲು ಸ್ಪಂಜಿನ ಟೋಪಿ ಟ್ರಂಕಿನಲ್ಲಿಲ್ಲ.

ವಿದುಷಿಯ ಚೀಲದಲ್ಲಿ ಶಿಷ್ಯೆಯೊಬ್ಬಳು ಕೊಟ್ಟ ಕ್ಲಿಪ್ ಮೈಕ್ ಇದೆ, ಬಾಗುವ ಕತ್ತಿನದು. ತಲೆ ಎಷ್ಟು ತೂಗಿದರೂ ದೂರ ಬದಲಾಗದು. ನಿಂತು ಓಡಾಡುತ್ತ ಫ್ಯೂಷನ್ ನುಡಿಸುವವರಿಗೆ ಅದೇ ಸರಿ. ಇವರ ಕೊಳಲಿಗೆ ಸಿಕ್ಕಿಸುತ್ತಾರೆ. ಬೆರಳು ಬಿದಿರಿಗೆ ಬೀಳುವ ಟಕ್ ಟಕ್, ಜೊತೆಗೆ ಹಗುರ ಕೊಳಲಿನ ತೂಕವೇ ಬೇರೆ. ನಾಲ್ಕು ಸ್ವರ ನುಡಿಸಿ ತೆಗೆದಿಡುತ್ತಾರೆ. "ನಂದಲ್ಲದ ಕೊಳಲು ಊದಿದ ಹಾಗಾಗತ್ತೆ."

ಉಳಿದದ್ದು ಹುಡುಗ ಮೊದಲೇ ತಂದಿದ್ದ, ಪೆಟ್ಟು ತಿಂದು ಜಾಲರಿ ನೆಗ್ಗಿದ ಶೂರ್ ಎಸ್‌ಎಂ58. 1966ರಲ್ಲಿ ಬಂದ ಮಾದರಿ, ಮಾತಿಗೂ ಹಾಡಿಗೂ ಮಾಡಿದ್ದು. ಆ ಗುಂಡು ಜಾಲರಿಯ ಒಳಗೇ ಗಾಳಿ ತಡೆಯುವ ಸ್ಪಂಜಿದೆ. ಈ ಸಲ ಹುಡುಗ ಅದನ್ನು ಹುಬ್ಬಿನ ಎತ್ತರಕ್ಕೆ ಏರಿಸಿ, ಬಾಯಿಗೂ ಮೊದಲ ಬೆರಳಿಗೂ ನಡುವಿನ ಜಾಗಕ್ಕೆ ಮುಖ ಮಾಡಿ ಕೆಳಕ್ಕೆ ಬಾಗಿಸುತ್ತಾನೆ. "ಇನ್ನೂ ಹತ್ರ" ಎಂದು ವಿದುಷಿ ಹೆಬ್ಬೆರಳು, ತೋರುಬೆರಳು ಚಾಚಿ ಅರ್ಧ ಗೇಣು ತೋರಿಸುತ್ತಾರೆ. ಉಸಿರು ಮೈಕ್‌ನ ಕೆಳಗಿನಿಂದ ಹಾದುಹೋಗುತ್ತದೆ. ಘಟ ಮೈಕ್‌ನ ಕಣ್ಣಿನಿಂದ ಪಕ್ಕಕ್ಕೆ ಸರಿಯುತ್ತದೆ. ಇಷ್ಟು ಹತ್ತಿರದಲ್ಲಿ ಇಂಥ ಮೈಕ್ ಕೆಳದನಿಯನ್ನು ಉಬ್ಬಿಸುತ್ತದೆ, ಆದರೆ ನೂರು ಹರ್ಟ್ಸ್‌ಗಿಂತ ಕೆಳಗೆ ಈ ಕೊಳಲಿನದು ಏನೂ ಇಲ್ಲ. ಹುಡುಗ ಲೋ ಕಟ್ ಒತ್ತುತ್ತಾನೆ, ಹೊರಗಿನ ರಸ್ತೆಯ ಬಸ್ಸಿನ ಗುಡುಗೂ ಅದರೊಂದಿಗೆ ಹೋಗುತ್ತದೆ.

ಟಿ. ಆರ್. ಮಹಾಲಿಂಗಂ, ಅಂದರೆ ಮಾಲಿ, ಕೊಳಲಿನಲ್ಲಿ ಗಾಯನದ ಗಮಕಗಳನ್ನು ತಂದ ಕಾಲ ಮೈಕ್ ಕಚೇರಿಗೆ ಕಾಲಿಟ್ಟ ಕಾಲವೂ ಹೌದು. ಮೈಕ್ ಇಲ್ಲದಿದ್ದರೆ ಆ ನವಿರು ಹಿಂದಿನ ಸಾಲಿಗೆ ಮುಟ್ಟುತ್ತಿತ್ತೇ ಎಂಬ ಅನುಮಾನ ನನಗೆ ಇದ್ದೇ ಇದೆ.

ಇಷ್ಟಾದರೂ ಇನ್ನೊಂದು ಕೂಗು ಬಾಕಿ. ಮುಂದಿನ ಮಾನಿಟರ್‌ನಿಂದ ಹೊರಟ ಕೊಳಲು ಮತ್ತೆ ಮೈಕ್‌ಗೆ ಹೊಕ್ಕು ಸುತ್ತುತ್ತಿದೆ. "ನಂಗೆ ಕೊಳಲು ಬೇಡಪ್ಪಾ, ಕಿವಿ ಪಕ್ಕದಲ್ಲೇ ಇದ್ಯಲ್ಲ. ತಂಬೂರಿ ಮಾತ್ರ ಕೊಡು." ಹುಡುಗ ಆ ಮಾನಿಟರ್‌ನಿಂದ ಕೊಳಲು ಕಿತ್ತು ಹಾಕುತ್ತಾನೆ. ಫೇಡರ್ ಈಗ ಮುಕ್ಕಾಲಿಗೆ ಏರಿದರೂ ಸ್ಪೀಕರ್ ಗಪ್ಪನೆ ಇದೆ.

ಕಮಿಟಿಯ ಭಾಷಣಗಳಿಂದಾಗಿ ಆರೂವರೆ ಏಳಾಗುತ್ತದೆ. ವರ್ಣದ ಎರಡನೇ ಕಾಲಕ್ಕೆ ಘಟದವರು ತಮ್ಮ ಮೈಕ್ ತೋರಿಸಿ ಕೈಸನ್ನೆ ಮಾಡುತ್ತಾರೆ: ಏರಿಸು. ಹುಡುಗ ತಲೆಯಾಡಿಸಿ, ಅವರ ಫೇಡರ್ ಮೇಲೆ ಬೆರಳಿಟ್ಟು, ಅದನ್ನು ಇದ್ದಲ್ಲೇ ಬಿಡುತ್ತಾನೆ.