ಚುಕ್ಕೆಯಿಂದಾದ ಪ್ರಮಾದ

ಲೆಕ್ಕದಲ್ಲಿ ನಾವು ದಡ್ಡರೆಂದು ಈವರೆಗೆ ಯಾರೂ ಹೇಳಿದುದಿಲ್ಲ. ಆದುದರಿಂದಲೇ ತಂದೆಯವರ ಜಮೀನನ್ನು ಐದು ಪಾಲು ಮಾಡುವ ಕಾಲಕ್ಕೆ, ಒಡಹುಟ್ಟಿದವರಲ್ಲಿ ಹಿರಿಯರಾದ ನಮ್ಮ ತಲೆಯ ಮೇಲೆ ಆ ಹೊಣೆ ಬಿದ್ದಿತು. ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಇಬ್ಬರು, ಎಲ್ಲರಿಗೂ ಸಮಭಾಗ. ಮೈಸೂರಿನಲ್ಲಿರುವ ಕಿರಿಯ ತಂಗಿಯು ಮಾತ್ರ, ತನಗೆ ಭೂಮಿ ಬೇಡ, ಗುಂಟೆಗೆ ಇಷ್ಟೆಂದು ಹಣವನ್ನೇ ಕೊಟ್ಟರೆ ಸಾಕೆಂದಳು.

ಪಹಣಿಯನ್ನು ನೋಡಿ ಮೂರು ಹೊಲಗಳ ವಿಸ್ತೀರ್ಣವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆವು: 2.20, 1.35, 0.30. ಕೂಡಿದರೆ 3.85 ಎಕರೆ, ತಲಾ 0.77. ಮುಕ್ಕಾಲು ಎಕರೆಗಿಂತ ತುಸು ಹೆಚ್ಚೆಂದು ಎಲ್ಲರಿಗೂ ತಿಳಿಸಿಯೂ ಬಿಟ್ಟೆವು.

ಆ ತಂಗಿಯ ಮಗಳು ರಜೆಗೆ ನಮ್ಮಲ್ಲಿಗೆ ಬಂದಿದ್ದಳು. ಅವಳ ಗಣಕಯಂತ್ರದಲ್ಲಿ ಮ್ಯಾಕ್ಸಿಮಾ ಎಂಬ ತಂತ್ರಾಂಶವಿದೆ. ಇದರ ಮೂಲರೂಪವು 1960ರ ದಶಕದ ಕೊನೆಯಲ್ಲಿ ಅಮೆರಿಕದ ಮೆಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಹುಟ್ಟಿತು. ಇಂದು ಯಾರು ಬೇಕಾದರೂ ಹಣ ತೆರದೆ ಪಡೆಯಬಹುದು. ಸಂಖ್ಯೆಗಳಂತೆ ಅಕ್ಷರಗಳನ್ನೂ ಗುಣಿಸಿ ಭಾಗಿಸುವುದು ಅದರ ಕಸುಬು. ಅಡಿ, ಮೀಟರುಗಳೂ ಅದಕ್ಕೆ ಬೀಜಗಣಿತದ ಅಕ್ಷರಗಳಿದ್ದಂತೆಯೇ. ಈಝೀಯೂನಿಟ್ಸ್ ಎಂಬ ಅದರ ಅಂಗವನ್ನು ತೆರೆದು, ಅಂಕಿಯ ಮುಂದೆ ಒಂದು ಪುಟ್ಟ ಓರೆಗೆರೆಯೆಳೆದು ಮಾನವನ್ನು ಬರೆಯಬೇಕು. ಗೆರೆ ಎರಡಾದರೆ, ಇದನ್ನು ಇಂಥ ಮಾನಕ್ಕೆ ತಿರುಗಿಸೆಂದು ಅರ್ಥ. ಗುಂಟೆಯನ್ನು ಅದು ಅರಿಯದು. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿಯೆಂದು ಹುಡುಗಿ ಕಲಿಸಿದಳು. ಒಂದು ಗುಂಟೆಗೆ ಎಷ್ಟು ಚದರ ಮೀಟರೆಂದು ಕೇಳಿದುದಕ್ಕೆ 158080329/1562500 ಎಂಬ ಭಿನ್ನರಾಶಿಯನ್ನು ಮುಂದಿಟ್ಟಿತು! ಹತ್ತಿರ ಹತ್ತಿರ 101.17 ಎಂದು ಹೇಳಿ ಕೈತೊಳೆದುಕೊಳ್ಳುವ ಜಾತಿಯದಲ್ಲ ಅದು.

ಬಳಿಕ ನಮ್ಮ ಚೀಟಿಯನ್ನು ಕೈಗೆತ್ತಿಕೊಂಡಳು. ಮಾನವನ್ನು ಬರೆಯುವ ಸ್ಥಳಕ್ಕೆ ಬಂದಾಗ ಬೆರಳು ನಿಂತಿತು.

“ಮಾವ, ಚುಕ್ಕೆಯಾದ ಮೇಲೆ ಇಪ್ಪತ್ತು ಎಂದು ಬರೆದಿದ್ದೀರಲ್ಲ, ಇಪ್ಪತ್ತು ಏನು?”

ನಮ್ಮ ಎದೆ ಧಸಕ್ಕೆಂದಿತು. ಅದು ಇಪ್ಪತ್ತು ಗುಂಟೆ! ಪಹಣಿಯಲ್ಲಿದ್ದುದು 2.20.0, ಎಂದರೆ ಎಕರೆ, ಗುಂಟೆ, ಆಣೆ. ಆಣೆಯ ಮನೆಯಲ್ಲಿ ಎಲ್ಲೆಡೆಯೂ ಸೊನ್ನೆಯೆಂದು ಅದನ್ನು ಬಿಟ್ಟೆವು. ಉಳಿದ ಒಂದು ಚುಕ್ಕೆಯು ದಶಾಂಶದ ವೇಷ ತಾಳಿತು. ನಲವತ್ತು ಗುಂಟೆಗೆ ಎಕರೆಯೆಂಬುದನ್ನು ಹಳ್ಳಿಯ ಹುಡುಗರೂ ಬಲ್ಲರು; ಹೊಲದ ಬದುವಿನ ಮೇಲೆ ಬೆಳೆದ ನಾವು ಅರಿಯೆವೆ?

ಮಾನಸಹಿತವಾಗಿ ಕೂಡಿದಾಗ 205 ಗುಂಟೆಯಾಯಿತು. ತಲಾ 41 ಗುಂಟೆ, ಅಂದರೆ ಒಂದು ಎಕರೆ ಒಂದು ಗುಂಟೆ. ನಮ್ಮ ಲೆಕ್ಕದಂತೆ ಹಣವೆಣಿಸಿದ್ದರೆ ತಂಗಿಗೆ 10.2 ಗುಂಟೆಯ ಬೆಲೆ ಖೋತಾ. ಮೂವತ್ತು–ನಲವತ್ತರ ಒಂಬತ್ತು ನಿವೇಶನಗಳಿಗಿಂತ ತುಸು ಹೆಚ್ಚು! ಮುಂದೆಂದೋ ಬೆಳಕಿಗೆ ಬಂದಾಗ ಅಣ್ಣನ ಕೈತಪ್ಪೆಂದು ನಂಬುವವರು ಯಾರು? ಯಂತ್ರವನ್ನು ಹೊಗಳೋಣವೆಂದರೆ, 3.85 ಎಕರೆಯೆಂದು ಕೊಟ್ಟಿದ್ದಲ್ಲಿ ಅದನ್ನೂ ಅಷ್ಟೇ ನಿಷ್ಠೆಯಿಂದ ಚದರ ಮೀಟರು ಮಾಡಿಕೊಡುತ್ತಿದ್ದಿತು.

ಹುಡುಗಿಯು ತಾಯಿಗೆ ಏನನ್ನೂ ತಿಳಿಸಲಿಲ್ಲ. ಆ ರಾತ್ರಿ ನಾವೇ ದೂರವಾಣಿಯಲ್ಲಿ ತಂಗಿಗೆ ಸಂಗತಿಯನ್ನೆಲ್ಲ ಅರುಹಿದೆವು. ಅವಳು ಬಹಳ ಹೊತ್ತು ನಕ್ಕಳು.

“ಚಿಕ್ಕಂದಿನಲ್ಲಿ ಹಲಸಿನ ತೊಳೆಯನ್ನು ನೀನು ಪಾಲು ಮಾಡುತ್ತಿದ್ದುದೂ ಹೀಗೆಯೇ ಅಣ್ಣ” ಎಂದಳು.